ಎನ್-95 ಹಾಕಿದರೂ ಥಿನ್ನರ್ ವಾಸನೆ ಬರುತ್ತಿದೆ. ಯಾವ ಫಿಲ್ಟರ್ ತೆಗೆದುಕೊಳ್ಳಲಿ?

ಗನ್_ಹಿಡಿದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಒಂದು ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷ ಆಯಿತು. ಮೊದಲು ಬರೀ ಪುಟ್ಟಿ ಹಚ್ಚಿ ತಿಕ್ಕುವ ಕೆಲಸ ಇತ್ತು. ಈಗ ಎಂಟು ತಿಂಗಳಿಂದ ಸ್ಪ್ರೇ ಗನ್ ಕೈಗೆ ಕೊಟ್ಟಿದ್ದಾರೆ. ಪ್ರೈಮರ್, ಬೇಸ್ ಕೋಟ್, ಮೇಲೆ ಕ್ಲಿಯರ್ ಎಲ್ಲ ನಾನೇ ಹೊಡೆಯುತ್ತೇನೆ. ಕ್ಲಿಯರ್‌ಗೆ ಹಾರ್ಡನರ್ ಬೆರೆಸುತ್ತೇವೆ, ಅದೇ 2ಕೆ ಅಂತಾರಲ್ಲ, ಅದು.

ಬೂತ್ ಅಂತ ಏನಿಲ್ಲ. ತಗಡಿನ ಶೆಡ್ಡಿಗೆ ಪ್ಲಾಸ್ಟಿಕ್ ಪರದೆ ಕಟ್ಟಿದ್ದೇವೆ, ಹಿಂದೆ ಒಂದು ಎಕ್ಸಾಸ್ಟ್ ಫ್ಯಾನು. ಮಾಲೀಕರು ಬಟ್ಟೆ ಮಾಸ್ಕ್ ಕೊಟ್ಟಿದ್ದರು. ನಾನೇ ದುಡ್ಡು ಹಾಕಿ ಎನ್-95 ತಂದೆ, ಒಳ್ಳೆ ಕಂಪನಿಯದೇ. ಆದರೂ ಥಿನ್ನರ್ ವಾಸನೆ ಹಾಗೇ ಬರುತ್ತದೆ. ನಾಲಿಗೆ ಮೇಲೆ ಒಂಥರಾ ಸಿಹಿ ಸಿಹಿ. ಸಂಜೆಗೆ ತಲೆನೋವು. ರಾತ್ರಿ ಕೆಮ್ಮು ಬರುತ್ತೆ, ಭಾನುವಾರ ಅಷ್ಟಿರಲ್ಲ.

ಆನ್‌ಲೈನ್ ನೋಡಿದರೆ ತಲೆ ಕೆಟ್ಟು ಹೋಯಿತು. ಕಪ್ಪು, ಕಂದು, ಹಳದಿ, ಹಸಿರು, ಬಿಳಿ ಅಂತ ಬಣ್ಣಬಣ್ಣದ ಡಬ್ಬಿಗಳು, ಒಂದೊಂದಕ್ಕೆ ಒಂದೊಂದು ನಂಬರ್. ಎನ್-95 ಬದಲು ಎನ್-99 ತಗೊಂಡರೆ ವಾಸನೆ ನಿಲ್ಲುತ್ತಾ? ಎರಡು ಸಾವಿರದ ತನಕ ಹಾಕಬಲ್ಲೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ಪೀಣ್ಯ_ಸೇಫ್ಟಿ

ತಮ್ಮಾ, ಎನ್-99 ಅಲ್ಲ, ಎನ್-100 ಹಾಕಿದರೂ ವಾಸನೆ ಬಂದೇ ಬರುತ್ತದೆ. ನೀವು ಕೊಂಡ ಮಾಸ್ಕಿನ ತಪ್ಪೇನಿಲ್ಲ. ಅದರದ್ದಲ್ಲದ ಕೆಲಸಕ್ಕೆ ಅದನ್ನು ಹಾಕಿದ್ದೀರಿ, ಅಷ್ಟೇ.

ಗಾಳಿಯಲ್ಲಿ ಬರುವ ಕೆಡುಕು ಎರಡು ಜಾತಿ. ಒಂದು ಕಣ: ಧೂಳು, ಹೊಗೆ, ಗನ್ನಿನಿಂದ ಹಾರುವ ಸಣ್ಣ ಹನಿ. ಇನ್ನೊಂದು ಆವಿ ಮತ್ತು ಅನಿಲ: ಥಿನ್ನರ್ ಆರುವಾಗ ಏಳುವುದು, ಅಮೋನಿಯಾ, ಕ್ಲೋರಿನ್ ಇಂಥವು. ಎನ್-95 ಇರುವುದು ಕಣಕ್ಕೆ ಮಾತ್ರ. 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ 95 ಪರ್ಸೆಂಟ್ ಹಿಡಿಯಬೇಕು ಅನ್ನುವುದು ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ನಮ್ಮಲ್ಲಿ ಐಎಸ್ 9473 ಅಂತ ಭಾರತದ ಮಾನದಂಡ ಇದೆ, ಅದರಲ್ಲಿ ಎಫ್ಎಫ್‌ಪಿ1, 2, 3. ಎಫ್ಎಫ್‌ಪಿ2 ಅಂದರೆ ಹೆಚ್ಚುಕಡಿಮೆ ಎನ್-95 ಇದ್ದ ಹಾಗೆ. ಥಿನ್ನರ್ ಆವಿಯ ಅಣು ಆ ಕಣಕ್ಕಿಂತ ನೂರಾರು ಪಟ್ಟು ಚಿಕ್ಕದು. ಹತ್ತಿಯಂಥ ಆ ಪದರದ ಮಧ್ಯೆ ಆರಾಮಾಗಿ ನಡೆದು ಹೋಗುತ್ತೆ.

ಆವಿಯನ್ನು ಹಿಡಿಯುವುದು ಇದ್ದಿಲು. ಸುಮ್ನೆ ಒಲೆಯ ಇದ್ದಿಲಲ್ಲ, ಹಬೆ ಕೊಟ್ಟು ಒಳಗೆಲ್ಲ ತೂತು ಮಾಡಿದ್ದು. ಒಂದೇ ಗ್ರಾಮಿನ ಒಳಮೈ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಹತ್ತಿರ ಆಗುತ್ತದೆ. ಇದನ್ನು ತೆಂಗಿನ ಚಿಪ್ಪಿನಿಂದಲೂ ಮಾಡುತ್ತಾರೆ, ತಿಪಟೂರಿನ ಕಡೆ ಕೊಬ್ಬರಿ ಸುಲಿದ ಮೇಲೆ ರಾಶಿ ಬೀಳುತ್ತಲ್ಲ, ಅದೇ ಚಿಪ್ಪು.

ಈಗ ಬಣ್ಣದ ವಿಷಯ. ಇಲ್ಲೇ ಎಲ್ಲರೂ ಎಡವುವುದು, ಯಾಕೆಂದರೆ ನಮ್ಮ ಮಾರ್ಕೆಟ್ಟಿನಲ್ಲಿ ಅಮೆರಿಕದ ಬಣ್ಣವೂ ಇದೆ, ಯೂರೋಪಿನ ಬಣ್ಣವೂ ಇದೆ, ಎರಡೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ. ಪೇಂಟ್, ಥಿನ್ನರ್‌ನಂಥ ಸಾವಯವ ಆವಿಗೆ ಅಮೆರಿಕದ್ದು ಕಪ್ಪು, ಯೂರೋಪಿನದ್ದು ಕಂದು, ಮೇಲೆ ಎ ಅಂತ ಬರೆದಿರುತ್ತೆ. ಅಮೆರಿಕದ ಹಳದಿ ಸಾವಯವ ಆವಿಗೂ ಆ್ಯಸಿಡ್ ಅನಿಲಕ್ಕೂ ಆಗುತ್ತದೆ. ಯೂರೋಪಿನ ಹಳದಿ ಮಾತ್ರ ಸಲ್ಫರ್ ಡೈಆಕ್ಸೈಡ್ ಥರದ ಆ್ಯಸಿಡ್ ಅನಿಲಕ್ಕೆ, ಅದರ ಮೇಲೆ ಇ ಅಂತ ಇರುತ್ತೆ. ಅದನ್ನು ತಂದು ಥಿನ್ನರ್‌ಗೆ ಹಾಕಿದರೆ ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ. ಬಿಳಿಯದೂ ಇದೇ ಕಥೆ: ಅಮೆರಿಕದ್ದು ಆ್ಯಸಿಡ್ ಅನಿಲಕ್ಕೆ, ಯೂರೋಪಿನದ್ದು ಬರೀ ಧೂಳಿಗೆ. ಹಸಿರು ಒಂದೇ ಎರಡೂ ಕಡೆ ಅಮೋನಿಯಾಕ್ಕೆ. ಅದಕ್ಕೇ ಬಣ್ಣ ನಂಬಬೇಡಿ, ಅಕ್ಷರ ಓದಿ.

ನಿಮಗೆ ಬೇಕಾಗಿರುವುದು ಆವಿ ಮತ್ತು ಹನಿ ಎರಡನ್ನೂ ಹಿಡಿಯುವಂಥದ್ದು. ಅಂದರೆ ರಬ್ಬರಿನ ಅರ್ಧ ಮುಖದ ಮಾಸ್ಕ್, ಅದಕ್ಕೆ ಎ2ಪಿ2 ಅಥವಾ ಎ2ಪಿ3 (ಎ ಆವಿಗೆ, ಪಿ ಕಣಕ್ಕೆ, ನಂಬರ್ ಅದರ ದರ್ಜೆ). ಅಮೆರಿಕದ ಪದ್ಧತಿಯದಾದರೆ ಸಾವಯವ ಆವಿಯ ಕಾರ್ಟ್ರಿಜ್, ಅಂದರೆ ಇದ್ದಿಲು ತುಂಬಿದ ಡಬ್ಬಿ, ಅದರ ಮುಂದೆ ಹನಿ ಹಿಡಿಯುವ ಪಿ-95 ಹಾಳೆ. ಬರೀ ಕಾರ್ಟ್ರಿಜ್ ಹಾಕಿದರೆ ಪೇಂಟಿನ ಹನಿ ಇದ್ದಿಲಿನ ಮೇಲೆ ಕೂತು ಬೇಗ ಹಾಳಾಗುತ್ತದೆ. ಒಂದು ಕಂಪನಿಯ ಮಾಸ್ಕಿಗೆ ಇನ್ನೊಂದರ ಕಾರ್ಟ್ರಿಜ್ ಕೂರುವುದಿಲ್ಲ, ಎರಡನ್ನೂ ಒಂದೇ ಕಂಪನಿಯದು ತಗೊಳ್ಳಿ. ಸೈಜ್ ಕೂಡ ನೋಡಿ. ಉದಾಹರಣೆಗೆ 3ಎಂನಲ್ಲಿ 6100 ಚಿಕ್ಕದು, 6200 ಮಧ್ಯಮ, 6300 ದೊಡ್ಡದು. ಅಂಗಡಿಯವರು ಕಣ್ಣು ಮುಚ್ಚಿ 6200 ಕೊಡುತ್ತಾರೆ.

ಎನ್-95 ಬಿಸಾಡಬೇಡಿ. ಪುಟ್ಟಿ ತಿಕ್ಕುವಾಗ ಅದೇ ಸರಿ. ತೊಳೆಯಬೇಡಿ ಮಾತ್ರ. ಅದು ಜರಡಿ ಥರ ಕೆಲಸ ಮಾಡುವುದಲ್ಲ, ಎಳೆಗಳಲ್ಲಿ ಸ್ಥಿರ ವಿದ್ಯುತ್ ಇರುತ್ತೆ, ಅದು ಕಣವನ್ನು ಎಳೆದುಕೊಳ್ಳುತ್ತದೆ. ಸೋಪು ನೀರು ಹಾಕಿದರೆ ನೋಡೋಕೆ ಶುಭ್ರ, ಒಳಗೆ ಏನೂ ಇರಲ್ಲ.

ಇನ್ನೊಂದು. ರಾತ್ರಿ ಕೆಮ್ಮು, ಭಾನುವಾರ ಕಡಿಮೆ ಅಂದಿರಲ್ಲ, ಅದು ನನಗೆ ಸರಿ ಅನ್ನಿಸಲಿಲ್ಲ. ಹಾರ್ಡನರ್ ಬಗ್ಗೆ ಬೇರೆಯೇ ಬರೆಯುತ್ತೇನೆ.

ಹಳೇ_ಮೇಸ್ತ್ರಿ

ನಾನು 25 ವರ್ಷ ಪೇಂಟ್ ಹೊಡೆದಿದ್ದೇನೆ. ಕರ್ಚೀಫ್ ಕಟ್ಟಿಕೊಂಡೇ ಹೊಡೆದಿದ್ದು. ಸಂಜೆ ಒಂದು ಲೋಟ ಹಾಲು, ಒಂದು ತುಂಡು ಬೆಲ್ಲ. ಏನೂ ಆಗಿಲ್ಲ. ಈಗಿನ ಹುಡುಗರಿಗೆ ಎಲ್ಲದಕ್ಕೂ ಭಯ.

ಪೀಣ್ಯ_ಸೇಫ್ಟಿ

ಮೇಸ್ತ್ರಿಗಳೇ, ನಿಮಗೆ ಏನೂ ಆಗದಿದ್ದುದು ಸಂತೋಷ. ಆದರೆ ಹಾಲು ಹೋಗುವುದು ಹೊಟ್ಟೆಗೆ, ಪೇಂಟ್ ಹೋಗುವುದು ಶ್ವಾಸಕೋಶಕ್ಕೆ. ಎರಡೂ ದಾರಿಯಲ್ಲಿ ಎಲ್ಲೂ ಸಿಗಲ್ಲ. ನೀವು ಶುರು ಮಾಡಿದ ಕಾಲದಲ್ಲಿ ಹೊಡೆಯುತ್ತಿದ್ದುದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಇರಬೇಕು, ಅಲ್ವಾ? ಅದರಲ್ಲಿ ಥಿನ್ನರ್ ಇತ್ತು, ಹಾರ್ಡನರ್ ಇರಲಿಲ್ಲ.

ಗನ್ ತಮ್ಮಾ, ಈಗ ಹಾರ್ಡನರ್ ವಿಷಯ. ಅದರಲ್ಲಿರುವುದು ಐಸೋಸಯನೇಟ್. ಡಬ್ಬಿ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇದರ ಕೆಟ್ಟ ಗುಣ ಎರಡು. ಒಂದು, ಹಾನಿ ಮಾಡುವಷ್ಟು ಇದ್ದರೂ ಮೂಗಿಗೆ ವಾಸನೆ ಗೊತ್ತಾಗುವುದಿಲ್ಲ. ಥಿನ್ನರ್ ಆದರೆ ಕಾರ್ಟ್ರಿಜ್ ಮುಗಿಯಿತು ಅಂತ ಮೂಗೇ ಹೇಳುತ್ತೆ, ಇದಕ್ಕೆ ಆ ಭಾಗ್ಯ ಇಲ್ಲ. ಎರಡು, ದೇಹ ಒಂದು ಸಲ ಅದನ್ನು ವೈರಿ ಅಂತ ಗುರುತಿಸಿಬಿಟ್ಟರೆ ಆಮೇಲೆ ತೀರಾ ಸ್ವಲ್ಪ ತಾಗಿದರೂ ಉಬ್ಬಸ. ಈ ಉಬ್ಬಸ ಎಷ್ಟೋ ಸಲ ಕೆಲಸದಲ್ಲಿ ಬರಲ್ಲ. ಮನೆಗೆ ಹೋದ ಮೇಲೆ, ರಾತ್ರಿ ಬರುತ್ತದೆ, ರಜೆ ದಿನ ಕಡಿಮೆ ಆಗುತ್ತದೆ. ನಿಮ್ಮದು ಅದೇ ಅಂತ ನಾನು ಹೇಳುತ್ತಿಲ್ಲ. ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ ಊದಿ ನೋಡುವ ಟೆಸ್ಟ್ ಮಾಡಿಸಿ. ಬರೀ ಕೆಮ್ಮು ಅನ್ನಬೇಡಿ. 2ಕೆ ಪೇಂಟ್ ಹೊಡೆಯುತ್ತೇನೆ, ಹಾರ್ಡನರ್‌ನಲ್ಲಿ ಐಸೋಸಯನೇಟ್ ಇದೆ ಅಂತ ಬಾಯಿಬಿಟ್ಟು ಹೇಳಿ, ಡಬ್ಬಿಯ ಫೋಟೋ ತೋರಿಸಿ.

ನಿಜ ಹೇಳಬೇಕಂದರೆ 2ಕೆ ಹೊಡೆಯುವವರಿಗೆ ಸರಿಯಾದದ್ದು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್. ಬ್ರಿಟನ್ನಿನಲ್ಲಿ ಹಾಗೇ ಹೇಳುತ್ತಾರೆ. ಅದು ಎರಡು ಸಾವಿರದಲ್ಲಿ ಬರುವುದಿಲ್ಲ, ನನಗೂ ಗೊತ್ತು. ಹಾಗಂತ ಗ್ಯಾರೇಜಿನ ಕಂಪ್ರೆಸರ್ ಪೈಪನ್ನೇ ಮಾಸ್ಕಿಗೆ ಸಿಕ್ಕಿಸಿಕೊಳ್ಳುವ ಬುದ್ಧಿವಂತರನ್ನು ನೋಡಿದ್ದೇನೆ, ಅದನ್ನು ಮಾಡಬೇಡಿ. ಆ ಗಾಳಿಯಲ್ಲಿ ಎಣ್ಣೆ ಇರುತ್ತೆ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ಕಾರ್ಬನ್ ಮೊನಾಕ್ಸೈಡೂ ಒಳಗೆ ಬರುತ್ತೆ. ಅದಕ್ಕೆ ವಾಸನೆಯೂ ಇಲ್ಲ, ಮಾಮೂಲಿ ಇದ್ದಿಲು ಅದನ್ನು ಹಿಡಿಯುವುದೂ ಇಲ್ಲ.

ಉಸಿರು_ಮುಖ್ಯ

ಮೇಲೆ ಬರೆದಿರುವುದು ನನ್ನದೇ ಕಥೆ. ಬೆಂಗಳೂರಿನಲ್ಲಿ ಒಂದು ಬಾಡಿ ಶಾಪಿನಲ್ಲಿ ಆರು ವರ್ಷ ಪೇಂಟರ್ ಆಗಿದ್ದೆ. ಶಾಪಿನ ಹೆಸರು ಬೇಡ ಬಿಡಿ. ರಾತ್ರಿ ಎರಡು ಗಂಟೆಗೆ ಎದ್ದು ಮಂಚದ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದೆ, ಮನೆಯವರು ಧೂಳಿನ ಅಲರ್ಜಿ ಅಂತ ದಿಂಬಿನ ಹತ್ತಿ ಬದಲಾಯಿಸಿದರು. ಒಂದೂವರೆ ವರ್ಷ ಹಾಗೇ ಹೋಯಿತು. ಈಗ ಬಣ್ಣ ಹೊಡೆಯುವ ಜಾಗದ ಹತ್ತಿರ ನಿಂತರೂ ಎದೆ ಹಿಡಿಯುತ್ತೆ. ಬಿಡಿಭಾಗದ ಕೌಂಟರಿನಲ್ಲಿ ಬಿಲ್ ಬರೆಯುತ್ತಿದ್ದೇನೆ.

ತಮ್ಮ, ಒಂದು ಮಾತು. ಗನ್ ನಿಲ್ಲಿಸಿದ ತಕ್ಷಣ ಶೈನ್ ಹೇಗೆ ಬಂತು ಅಂತ ಮಾಸ್ಕ್ ಎತ್ತಿ ನೋಡುತ್ತೇವಲ್ಲ? ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ. ಆ ಹೊತ್ತಿಗೆ ಮಂಜು ಕಣ್ಣಿಗೆ ಕಾಣಲ್ಲ, ಆದರೆ ಗಾಳಿಯಲ್ಲಿ ಇನ್ನೂ ತುಂಬಿರುತ್ತದೆ. ಹೊರಗೆ ಬಂದು ತೆಗೆಯಿರಿ. ಹಾರ್ಡನರ್ ಬೆರೆಸುವಾಗಲೂ ಮಾಸ್ಕ್ ಇರಲಿ, ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಗನ್ ತೊಳೆಯುವಾಗಲೂ ಅಷ್ಟೇ.

ಕಲ್ಲಿನ_ಕೆಲಸ

ನಾನು ಜಿಗಣಿ ಕಡೆ ಗ್ರಾನೈಟ್ ಯೂನಿಟ್ಟಿನಲ್ಲಿ ಇದ್ದೇನೆ. ನಮಗೆ ಉಲ್ಟಾ ಸಮಸ್ಯೆ. ಯಾರೋ ಹೇಳಿದರು ಅಂತ ಮಾಲೀಕರು ಕಾರ್ಟ್ರಿಜ್ ಮಾಸ್ಕ್ ತಂದರು, ಕಪ್ಪು ಡಬ್ಬಿಯದು. ದುಬಾರಿ. ಹಾಕಿಕೊಂಡು ಕಟಿಂಗ್ ಮಾಡಿದರೆ ಒಳಗೆ ಮೂಗಿನ ತುಂಬ ಬಿಳಿ ಹುಡಿ. ಆಮೇಲೆ ಗೊತ್ತಾಯಿತು, ಬರೀ ಇದ್ದಿಲಿನ ಕಾರ್ಟ್ರಿಜ್ ಧೂಳಿಗೆ ಅಲ್ಲವೇ ಅಲ್ಲ ಅಂತ. ಈಗ ಪಿ-100 ಹಾಕಿದ್ದೇವೆ, ನೇರಳೆ ಗುಲಾಬಿ ಬಣ್ಣದ ಚಪ್ಪಟೆ ಬಿಲ್ಲೆ. ಹಗುರ ಇದೆ.

ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದವರು. ಕೊನೆಗೆ ಎರಡು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದರು, ಮತ್ತೆ ಎರಡು. ಗಣಿ ಮುಚ್ಚಿದ್ದು 2001ರಲ್ಲಿ, ಅವರು ಅದಕ್ಕೂ ಮೊದಲೇ ಹೋದರು. ಗಣಿಯ ಧೂಳಿನಲ್ಲಿದ್ದ, ಶ್ವಾಸಕೋಶ ಕೆಡಿಸುವ ಅದೇ ಸಿಲಿಕಾ ನಮ್ಮ ಕಲ್ಲಲ್ಲೂ ಇದೆ. ಅಡುಗೆಮನೆಗೆ ಹಾಕುವ ಕ್ವಾರ್ಟ್ಜ್ ಸ್ಲ್ಯಾಬ್ ಇದೆಯಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು, ಅದರಲ್ಲಿ 90 ಪರ್ಸೆಂಟಿಗಿಂತ ಜಾಸ್ತಿ ಸಿಲಿಕಾ ಇರುತ್ತದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಅದನ್ನೇ ನಿಷೇಧ ಮಾಡಿದರು. ನಮ್ಮ ಹುಡುಗರು ಸೈಟಿನಲ್ಲಿ ಸಿಂಕಿನ ತೂತು ಕೊರೆಯುವುದು ಟವೆಲ್ ಕಟ್ಟಿಕೊಂಡು, ಅದೂ ಒಣಗಿದ್ದನ್ನೇ. ಮಾಸ್ಕಿಗಿಂತ ಮೊದಲು ಬ್ಲೇಡಿಗೆ ನೀರು ಬಿಡಬೇಕು. ನೀರು ಬಿಟ್ಟರೆ ಧೂಳು ಏಳುವುದೇ ಕಡಿಮೆ, ಮಾಸ್ಕಿಗೂ ಭಾರ ಕಡಿಮೆ.

ಮಲೆನಾಡ_ಅಡಿಕೆ

ಒಳ್ಳೆ ವಿಷಯ ನಡೀತಾ ಇದೆ, ನಂದೂ ಎರಡು ಪ್ರಶ್ನೆ. ಮಳೆ ಶುರುವಾದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಅದಕ್ಕೂ ಈ ಇದ್ದಿಲಿನ ಮಾಸ್ಕ್ ಬೇಕಾ? ಎರಡನೇದು, ಮನೆಯ ಹಳೇ ಬಾವಿ ಕ್ಲೀನ್ ಮಾಡಿಸಬೇಕು, ಒಳಗೆ ಕೆಟ್ಟ ವಾಸನೆ. ಕಾರ್ಟ್ರಿಜ್ ಮಾಸ್ಕ್ ಒಂದು ತಂದರೆ ಎರಡಕ್ಕೂ ಆಯಿತಲ್ಲ ಅಂತ.

ಪೀಣ್ಯ_ಸೇಫ್ಟಿ

ಭಟ್ರೋ ಗೌಡ್ರೋ ಗೊತ್ತಿಲ್ಲ, ಯಾರಾದರೂ ಸರಿ, ಎರಡನೇದು ಮೊದಲು. ಬಾವಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಫಿಲ್ಟರ್ ಮಾಸ್ಕ್ ಗಾಳಿಯನ್ನು ಸೋಸುತ್ತೆ, ಗಾಳಿಯನ್ನು ಮಾಡುವುದಿಲ್ಲ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 20.9 ಪರ್ಸೆಂಟ್. 19.5ಕ್ಕಿಂತ ಕೆಳಗೆ ಹೋದರೆ ಯಾವ ಫಿಲ್ಟರೂ ಲೆಕ್ಕಕ್ಕಿಲ್ಲ, ಚಿನ್ನದ್ದೇ ಇರಲಿ. ದೀಪ ಇಳಿಬಿಟ್ಟು ನೋಡುವ ಪದ್ಧತಿ ಇದೆಯಲ್ಲ, ಆ ದೀಪ ಆರುವುದೇ ಸುಮಾರು 16ಕ್ಕೆ. ಅಷ್ಟರಲ್ಲಿ ಮನುಷ್ಯನಿಗೆ ತಲೆ ತಿರುಗಿರುತ್ತದೆ. ಉರಿಯುವ ಅನಿಲ ಇದ್ದರೆ ದೀಪವೇ ಅಪಾಯ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಜಾಸ್ತಿ ಆದಾಗ ಅದು ಮೂಗನ್ನೇ ಸಾಯಿಸುತ್ತೆ, ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂದುಕೊಂಡು ಜನ ಇಳಿಯುತ್ತಾರೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ತರಲು ಮೂರನೆಯವನು. ಪೇಪರಿನಲ್ಲಿ ಇಂಥ ಸುದ್ದಿ ಓದಿದ್ದೀರಿ ತಾನೆ. ಡೀಸೆಲ್ ಪಂಪ್ ಒಳಗೆ ಇಳಿಸುವುದೂ ಬೇಡ, ಅದರ ಹೊಗೆ ಅಲ್ಲೇ ತುಂಬಿಕೊಳ್ಳುತ್ತೆ. ಗ್ಯಾಸ್ ಮೀಟರ್, ಬ್ಲೋವರ್, ಹೊರಗಿನಿಂದ ಗಾಳಿ ಕೊಡುವ ಸೆಟ್ಟು, ಸೊಂಟಕ್ಕೆ ಹಗ್ಗ, ಮೇಲೆ ಕಾಯುವ ಜನ, ಇಷ್ಟೂ ಇರುವವರಿಗೆ ಕೆಲಸ ಕೊಡಿ. ಇಲ್ಲದಿದ್ದರೆ ಮೇಲಿನಿಂದಲೇ ಮೋಟರಿನಲ್ಲಿ ನೀರು ಎತ್ತಿ ಎಷ್ಟಾಗುತ್ತೋ ಅಷ್ಟು.

ಬೋರ್ಡೋ ಸುಲಭ. ಮೈಲುತುತ್ತು, ಸುಣ್ಣ, ನೀರು. ಆವಿ ಏಳುವುದಿಲ್ಲ, ಬರೀ ಹನಿ. ಇದ್ದಿಲು ಬೇಡ, ಎಫ್ಎಫ್‌ಪಿ2 ಸಾಕು, ಉಸಿರು ಬಿಡುವ ಕವಾಟ ಇರುವುದು ತಗೊಳ್ಳಿ. ಮಳೆಯಲ್ಲಿ ನೆಂದರೆ ಬದಲಾಯಿಸಬೇಕು, ಒದ್ದೆ ಮಾಸ್ಕಿನಲ್ಲಿ ಉಸಿರು ಎಳೆಯೋಕೆ ಆಗಲ್ಲ. ಮರದ ತುದಿ ನೋಡುತ್ತಾ ಹೊಡೆಯುವಾಗ ಹನಿ ಬೀಳುವುದು ಕಣ್ಣಿಗೆ, ಕನ್ನಡಕ ಮರೆಯಬೇಡಿ. ಬೇರೆ ಕೀಟನಾಶಕ ಆದರೆ ಲೇಬಲ್ ನೋಡಬೇಕು, ಅದರಲ್ಲಿ ಎಷ್ಟೋ ಔಷಧಿಗೆ ಎ2ಪಿ2 ಬೇಕಾಗುತ್ತದೆ.

ಮಲೆನಾಡ_ಅಡಿಕೆ

ಬಾವಿ ಕೆಲಸದವರು ನಾಳೆ ಬರುವವರಿದ್ದರು. ಈಗಲೇ ಫೋನ್ ಮಾಡಿ ಬೇಡ ಅಂದೆ.

ಗನ್_ಹಿಡಿದ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಅಪ್ಡೇಟ್ ಕೊಡುತ್ತೇನೆ.

ಊರಿನ ಒಂದು ಅಂಗಡಿಗೆ ಹೋದೆ. ಪೇಂಟ್ ಹೊಡೆಯೋಕೆ ಅಂದೆ. ಅವರು ತೆಗೆದುಕೊಟ್ಟದ್ದು ಹಸಿರು ಪಟ್ಟಿಯ ಡಬ್ಬಿ, ಮೇಲೆ ಕೆ1. ಇದು ಅಮೋನಿಯಾದ್ದಲ್ವಾ ಅಂತ ಕೇಳಿದರೆ, ಎಲ್ಲಾ ಒಂದೇ ತಮ್ಮ, ಒಳಗೆ ಇರೋದು ಇದ್ದಿಲೇ ಅಂದರು. ಇಲ್ಲಿ ಓದಿರದಿದ್ದರೆ ಖಂಡಿತ ತಂದುಬಿಡುತ್ತಿದ್ದೆ. ಬೇರೆ ಕಡೆ ಎ2ಪಿ3 ಸಿಕ್ಕಿತು, ಕಂದು ಪಟ್ಟಿ, ಬಿಳಿ ಪಟ್ಟಿ. ಮಾಸ್ಕ್ ಸೇರಿ ನನ್ನ ಬಜೆಟ್ ದಾಟಿತು. ಅರ್ಧ ದುಡ್ಡು ಮಾಲೀಕರೇ ಕೊಟ್ಟರು, ಸ್ವಲ್ಪ ಗೊಣಗಿದರು ಅನ್ನಿ.

ಮೊದಲ ದಿನ ಹಾಕಿದರೆ ವಾಸನೆ ಸ್ವಲ್ಪ ಬಂತು. ಮೋಸ ಹೋದೆ ಅಂದುಕೊಂಡೆ. ಡಬ್ಬಿಗಳ ಮೇಲೆ ಎರಡೂ ಅಂಗೈ ಒತ್ತಿ ಉಸಿರು ಎಳೆದು ನೋಡಿದೆ, ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳಬೇಕು, ಆದರೆ ಗಲ್ಲದ ಹತ್ತಿರ ಸುಯ್ ಅಂತ ಗಾಳಿ. ನಂದು ಗಡ್ಡ. ಎರಡು ವರ್ಷದಿಂದ ಬೆಳೆಸಿದ್ದು. ತೆಗೆದೆ. ಆಮೇಲೆ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೂ ಏನೂ ಗೊತ್ತಾಗಲಿಲ್ಲ! ಅವ್ವ ಮಾತ್ರ ಯಾರು ನೀನು ಅಂತ ಕೇಳಿದಳು.

ಡಾಕ್ಟರ ಹತ್ತಿರ ಮುಂದಿನ ವಾರ ಹೋಗುತ್ತೇನೆ. ಅಲ್ಲಿಯ ತನಕ ಕ್ಲಿಯರ್ ಹೊಡೆಯುವುದು ಬೇಡ, ಪುಟ್ಟಿ ಕೆಲಸ ಮಾಡು ಅಂದಿದ್ದಾರೆ ಮಾಲೀಕರು. ಈ ಕಾರ್ಟ್ರಿಜ್ ಎಷ್ಟು ದಿನ ಬರುತ್ತೆ? ಒಂದು ವರ್ಷ ಓಡಿಸಬಹುದಾ?

ಪೀಣ್ಯ_ಸೇಫ್ಟಿ

ವರ್ಷ ಎಲ್ಲಿಂದ ಬಂತು! ಸೀಲ್ ಒಡೆದ ದಿನ ಮಾರ್ಕರಿನಲ್ಲಿ ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಬಳಸಲಿ, ಬಿಡಲಿ, ಆರು ತಿಂಗಳಾದ ಮೇಲೆ ಇಟ್ಟುಕೊಳ್ಳಬೇಡಿ, ಅದು ಹೊರಗಿನ ಗೆರೆ. ದಿನಾ ಹೊಡೆಯುವವರಿಗೆ ಅದಕ್ಕಿಂತ ತುಂಬಾ ಮೊದಲೇ ಮುಗಿಯುತ್ತದೆ. ಎಷ್ಟು ಗಂಟೆ ಹೊಡೆದಿರಿ ಅಂತ ಗೋಡೆ ಮೇಲೆ ಗೀಟು ಹಾಕುತ್ತಾ ಹೋಗಿ, ಕಂಪನಿಯವರು ಕೊಡುವ ಲೆಕ್ಕದ ಪ್ರಕಾರ ಬದಲಾಯಿಸಿ. ಹಾರ್ಡನರ್ ಇರುವ ಕಡೆ ವಾಸನೆ ಬರಲಿ ಅಂತ ಕಾಯುವ ಹಾಗಿಲ್ಲ. ಉಸಿರು ಎಳೆಯುವುದು ಕಷ್ಟ ಆದರೆ ಮುಂದಿನ ಧೂಳಿನ ಪದರ ತುಂಬಿದೆ ಅಂತ, ಇದ್ದಿಲು ತುಂಬಿದರೆ ಅಂಥ ಸೂಚನೆ ಏನೂ ಸಿಗಲ್ಲ. ಮಳೆಗಾಲದ ತೇವದಲ್ಲಿ ಇದ್ದಿಲು ಇನ್ನೂ ಬೇಗ ಸೋಲುತ್ತದೆ. ನಿಮ್ಮ ಥಿನ್ನರಿನಲ್ಲಿ ಅಸಿಟೋನ್ ಜಾಸ್ತಿ ಇದ್ದರೂ ಹಾಗೇ, ಅದು ಕುದಿಯುವುದೇ 56 ಡಿಗ್ರಿಗೆ, ಇದ್ದಿಲಿನಲ್ಲಿ ನಿಲ್ಲುವ ಜಾಯಮಾನದ್ದಲ್ಲ. ಎ ಇರುವುದು 65 ಡಿಗ್ರಿಗಿಂತ ಮೇಲೆ ಕುದಿಯುವುದಕ್ಕೆ, ಅದಕ್ಕಿಂತ ಕೆಳಗಿನದಕ್ಕೆ ಎಎಕ್ಸ್ ಅಂತ ಬೇರೆ ಇದೆ.

ಕೆಲಸ ಮುಗಿದ ಮೇಲೆ ಶೆಡ್ಡಿನ ಮೊಳೆಗೆ ನೇತು ಹಾಕಬೇಡಿ. ನೀವು ಮನೆಯಲ್ಲಿ ಮಲಗಿದ್ದರೂ ಅದು ಅಲ್ಲಿ ಥಿನ್ನರ್ ಕುಡಿಯುತ್ತಾ ಇರುತ್ತೆ. ಗಾಳಿಯಾಡದ ಮುಚ್ಚಳದ ಡಬ್ಬಿಗೆ ಹಾಕಿ. ಅರ್ಧ ಮುಖದ ಮಾಸ್ಕ್ ಚೆನ್ನಾಗಿ ಕೂತರೂ ಒಳಗಿನ ಗಾಳಿಯಲ್ಲಿ ಹೊರಗಿನದರ ಹತ್ತನೇ ಒಂದು ಪಾಲು ಇರಬಹುದು ಅಂತಲೇ ಲೆಕ್ಕ ಹಾಕುವುದು. ಅದಕ್ಕೆ ಆ ಎಕ್ಸಾಸ್ಟ್ ಫ್ಯಾನ್ ಧೂಳು ತೆಗೆದು ಸರಿ ಮಾಡಿಸಿ.

ಉಸಿರು_ಮುಖ್ಯ

ತಮ್ಮ, ಪ್ರೊಫೈಲಿಗೆ ಹೊಸ ಮಾಸ್ಕಿನ ಫೋಟೋ ಹಾಕಿದ್ದೀಯಲ್ಲ, ನೋಡಿದೆ. ಮೇಲಿನ ಪಟ್ಟಿ ಕಿವಿಯ ಮೇಲೆ ಇದೆ, ಅದನ್ನು ನೆತ್ತಿಗೆ ಏರಿಸು. ಕೆಳಗಿನದು ಕತ್ತಿನ ಹಿಂದೆ.